ಹಿಮಾಲಯಕ್ಕೆ ಮುನ್ನ ನಾಲ್ಕೂರು

ದೂರದ ಊರಿಗೆ ಹೊರಡುವವನ ಮೊದಲ ಮಜಲು ಅವನ ಮನೆಯ ಅಂಗಳವೇ. ಗಂಟು ಕಟ್ಟುವ ಹೊತ್ತಿನಲ್ಲಿ ಆದ ತಪ್ಪು ಹತ್ತಾರು ಹರದಾರಿ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ತಿದ್ದಿಕೊಳ್ಳೋಣವೆಂದರೆ ಬೇಕಾದ ಸಾಧನ ಕೈಗೆ ಸಿಗದು, ಬೇಕಾದವರು ಬಳಿಯಲ್ಲಿರರು. ಎತ್ತಿನ ಬಂಡಿಯ ಕಾಲದಲ್ಲಿ ಈ ಮಾತು ಎಷ್ಟು ನಿಜವಾಗಿತ್ತೋ ಮೋಟಾರು ಸೈಕಲಿನ ಕಾಲದಲ್ಲಿಯೂ ಅಷ್ಟೇ ನಿಜ. ಬೆಟಗೇರಿಯ ತರುಣನೊಬ್ಬನಿಗೆ ಇದು ಅರಿವಾದದ್ದು ಮನೆಯಿಂದ ಒಂದು ದಿನದ ದಾರಿಯೊಳಗೇ. ಅದು ಅವನ ಸುದೈವವೆಂದೇ ಹೇಳಬೇಕು.

ಗದಗ ಮತ್ತು ಬೆಟಗೇರಿ ಹೆಸರಿಗೆ ಎರಡು, ಬಾಳಿಗೆ ಒಂದು. ಅತ್ತ ಕುಮಾರವ್ಯಾಸನ ಆರಾಧ್ಯದೈವ ವೀರನಾರಾಯಣನ ಗುಡಿ, ತ್ರಿಕೂಟೇಶ್ವರ, ಹತ್ತಿಯ ಪೇಟೆ, ಸಾಲು ಸಾಲು ಮುದ್ರಣಾಲಯಗಳು. ಇತ್ತ ಮಗ್ಗಗಳ ಸದ್ದು ಇನ್ನೂ ಪೂರ್ತಿಯಾಗಿ ಅಡಗದ ನೇಕಾರರ ಓಣಿಗಳು. ಅಂಥದೊಂದು ಓಣಿಯಲ್ಲಿ ಈ ತರುಣನ ಮನೆ. ಗದಗಿನ ಮುದ್ರಣಾಲಯವೊಂದರಲ್ಲಿ ಅವನಿಗೆ ಕೆಲಸ. ಏಳು ವರ್ಷ ಸಂಬಳದಲ್ಲಿ ಉಳಿಸಿದ ಹಣಕ್ಕೆ ಸ್ವಲ್ಪ ಸಾಲವನ್ನೂ ಕೂಡಿಸಿ ಅವನು ಹೊಸ ಮೋಟಾರು ಸೈಕಲನ್ನು ಕೊಂಡನು. ರಾಯಲ್ ಎನ್‌ಫೀಲ್ಡ್ ಸಂಸ್ಥೆ 2023ರ ನವೆಂಬರಿನಲ್ಲಿ ಹೊರತಂದ ಹಿಮಾಲಯನ್ 450 ಅದು. ಎಂಜಿನಿನ ಗಾತ್ರ 452 ಸಿ.ಸಿ.; ತೂಕ 196 ಕಿಲೋ; ಟಾಕಿಯಲ್ಲಿ 17 ಲೀಟರು ಪೆಟ್ರೋಲು ಹಿಡಿಯುತ್ತದೆ. ಜೂನ್ ತಿಂಗಳಿನಲ್ಲಿ ಲಡಾಖಿನ ದಾರಿಗಳ ಹಿಮ ಸರಿದ ಮೇಲೆ ಲೇಹ್ ನಗರವನ್ನು ಮುಟ್ಟಿ ಬರಬೇಕೆಂಬುದು ಅವನ ಸಂಕಲ್ಪ. ಹೋಗುವ ದಾರಿಯೊಂದೇ ಸುಮಾರು ಮೂರು ಸಾವಿರ ಕಿಲೋಮೀಟರು!

ತಂದೆಯ ಯೆಜ್ದಿ

ಈ ಹಂಬಲ ಅವನಿಗೆ ತಂದೆಯಿಂದ ಬಂದ ಆಸ್ತಿ. ಮೋಟಾರು ಸೈಕಲು ಕನ್ನಡನಾಡಿಗೆ ಪರಕೀಯವಾದ ವಸ್ತುವಲ್ಲ. 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. ಚೆಕೊಸ್ಲೊವಾಕಿಯಾದ ಜಾವಾ ಬಂಡಿಗಳು ಅಲ್ಲಿ ತಯಾರಾದವು. 1970ರ ದಶಕದಲ್ಲಿ ಅವೇ ಯೆಜ್ದಿ ಎಂಬ ಹೆಸರು ತಳೆದು ಹಳ್ಳಿಹಳ್ಳಿಗೂ ಹಬ್ಬಿದವು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ತರುಣನ ತಂದೆ ಸೀರೆಯ ಗಂಟುಗಳನ್ನು ಹಿಂದೆ ಕಟ್ಟಿಕೊಂಡು ಊರೂರು ತಿರುಗಿದ್ದು ಅಂಥದೊಂದು ಯೆಜ್ದಿಯ ಮೇಲೆ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಕುಡಿಸಬೇಕಾದ ಎರಡು ಸ್ಟ್ರೋಕಿನ ಆ ಬಂಡಿಗೆ ಕಿಡಿ ಹೊತ್ತಿಸುವ ಪ್ಲಗ್ಗು ಮಸಿಗಟ್ಟುವುದೊಂದು ಚಾಳಿ. ಆದುದರಿಂದ ಅವನ ಬಳಿ ಯಾವಾಗಲೂ ಒಂದು ಹೊಸ ಪ್ಲಗ್ಗು, ಎರಡು ಪಾನಾ, ಒಂದು ತಂತಿ, ಒಂದು ಹಗ್ಗ ಇರುತ್ತಿದ್ದವು. ಮನೆಯ ಮಗ್ಗದ ದಪ್ಪ ಬಟ್ಟೆಯಲ್ಲಿ ಅವನ್ನು ಸುರುಳಿ ಸುತ್ತಿ ಸೀಟಿನ ಕೆಳಗೆ ಇಡುತ್ತಿದ್ದನು. ಅಷ್ಟೇ ಅವನ ಸಿದ್ಧತೆ. ಹಿಮಾಲಯವನ್ನು ನೋಡಬೇಕೆಂದು ಆತ ಹೇಳುತ್ತಲೇ ಇದ್ದನು. ನೋಡದೆಯೇ ಮೂರು ವರ್ಷಗಳ ಹಿಂದೆ ತೀರಿಕೊಂಡನು.

ಒಬ್ಬನೇ ಮಗ. ತಾಯಿ ಬೇಡವೆಂದು ಹೇಳಲಿಲ್ಲ; ಆಗಲಿ ಎಂದೂ ಹೇಳಲಿಲ್ಲ. ಒಂದೇ ಒಂದು ಕರಾರು ಹಾಕಿದಳು:

“ಹಿಮಾಲಯ ಎಲ್ಲೂ ಓಡಿ ಹೋಗಂಗಿಲ್ಲಪಾ. ಮೊದಲ ನಮ್ಮ ಸೀಮಿಯೊಳಗಿನ ನಾಕೂರು ಸುತ್ತಿ ಬಾ. ಇಲ್ಲೇ ಸಂಭಾಳಿಸಾಕ ಆಗಲಿಲ್ಲಂದ್ರ ಅಲ್ಲೇನ್ ಮಾಡ್ತಿ?”

ಗದಗಿನಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಅಲ್ಲಿಂದ ಮುಂಡರಗಿ, ಮರಳಿ ಗದಗ: ಎಲ್ಲ ಸೇರಿ ನೂರೈವತ್ತು ಕಿಲೋಮೀಟರಿನ ಆಸುಪಾಸು. ಪೂರ್ಣ ಸಾಮಾನು ಹೇರಿಕೊಂಡು ಒಂದು ದಿನದಲ್ಲಿ ಇದನ್ನು ಸುತ್ತಿ ಬರುವುದೆಂದು ನಿಶ್ಚಯವಾಯಿತು.

ಅಲಂಕಾರದ ತಿಂಗಳು

ಅದಕ್ಕೆ ಮುಂಚಿನ ಒಂದು ತಿಂಗಳು ಆ ಮನೆಯ ಅಂಗಳದಲ್ಲಿ ಮದುವೆಯ ಸಂಭ್ರಮ. ಹೊಸ ಎಂಜಿನನ್ನು ಮೊದಲ 500 ಕಿಲೋಮೀಟರು ಮೃದುವಾಗಿ ನಡೆಸಿ, ವೇಗವನ್ನು ಏರಿಳಿಸುತ್ತ ಪಳಗಿಸಿ, ಎಣ್ಣೆ ಬದಲಾಯಿಸಿದ್ದಾಯಿತು. ಇದು ಸರಿಯಾದ ಕ್ರಮವೇ. ಹೊಸ ಯಂತ್ರದ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಉದುರಿದ ಸಣ್ಣ ಲೋಹದ ಕಣಗಳು ಆ ಮೊದಲ ಎಣ್ಣೆಯೊಡನೆ ಹೊರಬರಬೇಕು.

ಆಮೇಲೆ ಸಾಮಾನುಗಳು ಒಂದೊಂದಾಗಿ ಬಂದವು. ಎಂಜಿನಿಗೂ ಕಾಲಿಗೂ ರಕ್ಷೆಯಾಗುವ ಉಕ್ಕಿನ ಕೊಳವೆಯ ಕಟ್ಟು. ಹಿಂಗಾಲಿಯ ಎರಡೂ ಮಗ್ಗುಲಿಗೆ ಅಲ್ಯೂಮಿನಿಯಮ್ಮಿನ ಪೆಟ್ಟಿಗೆಗಳು, ಅವನ್ನು ಹೊರಲು ಕಬ್ಬಿಣದ ಚೌಕಟ್ಟು. ಸೀಟಿನ ಹಿಂದೆ ಮತ್ತೊಂದು ಎತ್ತರದ ಪೆಟ್ಟಿಗೆ. ಪೆಟ್ರೋಲಿಗೆ ಎರಡು ಕ್ಯಾನುಗಳು. ಹೆಚ್ಚಿನ ಎರಡು ದೀಪಗಳು. ಗಾಳಿ ತುಂಬುವ ವಿದ್ಯುತ್ ಪಂಪು. ಗುಡಾರ, ಹಾಸಿಗೆ, ಒಲೆ, ಪಾತ್ರೆ, ಮಡಚುವ ಕುರ್ಚಿ ಸಹ! ಗೆಳೆಯನೊಬ್ಬ ಹೆಚ್ಚು ಸದ್ದು ಮಾಡುವ ಸೈಲೆನ್ಸರನ್ನು ಹಾಕಿಸೆಂದು ಒತ್ತಾಯಿಸಿದನು. ತರುಣ ಅದಕ್ಕೆ ಮಾತ್ರ ಒಪ್ಪಲಿಲ್ಲ. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆಂಬುದು ಅವನಿಗೆ ತಿಳಿದಿತ್ತು. ಮೂರು ಸಾವಿರ ಕಿಲೋಮೀಟರು ತನ್ನ ಕಿವಿಯಲ್ಲೇ ಗುಡುಗು ಕೇಳುತ್ತ ಹೋಗುವ ಆಸೆಯೂ ಅವನಿಗಿರಲಿಲ್ಲ.

ನೂಲು ತೂಗುವ ಹಳೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ ನೋಡಿದಾಗ ಪೆಟ್ಟಿಗೆ ಮತ್ತು ಚೌಕಟ್ಟುಗಳು 18 ಕಿಲೋ, ಒಳಗಿನ ಸಾಮಾನು 46 ಕಿಲೋ. ಒಟ್ಟು 64 ಕಿಲೋ. ಒಬ್ಬ ಮನುಷ್ಯನನ್ನು ಹಿಂದೆ ಕೂರಿಸಿಕೊಂಡಷ್ಟಾಯಿತು. ತಾಯಿ ಹೊಸ್ತಿಲಲ್ಲಿ ನಿಂತು ನೋಡಿ, “ಇಷ್ಟೆಲ್ಲಾ ಹೇರಿದ ಮ್ಯಾಲೆ ನೀ ಕುಂದರೂದು ಎಲ್ಲಿ?” ಎಂದು ಕೇಳಿದಳು. ಮಗ ನಕ್ಕನು. ಆ ಪ್ರಶ್ನೆಯಲ್ಲಿ ನಗೆಯೊಂದೇ ಇರಲಿಲ್ಲವೆಂಬುದು ಅವನಿಗೆ ಸಂಜೆಯೊಳಗೆ ತಿಳಿಯಬೇಕಾಗಿತ್ತು.

ಮಾಗಡಿಯ ಅತಿಥಿಗಳು

ಸಂಕ್ರಾಂತಿ ಕಳೆದ ವಾರ. ನಸುಕಿನಲ್ಲಿ ಗದಗನ್ನು ಬಿಟ್ಟವನಿಗೆ ಇಕ್ಕೆಲದಲ್ಲೂ ಎರೆಭೂಮಿಯ ಬಯಲು. ಮಳೆಗಾಲದಲ್ಲಿ ಕಾಲನ್ನು ಹಿಡಿದು ಬಿಡದ ಈ ಕರಿಮಣ್ಣು ಮಾಗಿಯಲ್ಲಿ ಬಾಯಿಬಿರಿದು ಮಲಗಿರುತ್ತದೆ. ಬಿಳಿಜೋಳದ ತೆನೆ, ಕಡಲೆಯ ಹಸುರು, ಕುಸುಬೆಯ ಮುಳ್ಳುಗಿಡಗಳ ನಡುವೆ ಹಳದಿ ಹೂವು. ನೇರವಾದ ದಾರಿಯಲ್ಲಿ ಬಂಡಿ ಸೊಗಸಾಗಿ ಓಡಿತು. ಹೊತ್ತ ಭಾರದ ಅರಿವೇ ಆಗಲಿಲ್ಲ.

ಲಕ್ಷ್ಮೇಶ್ವರಕ್ಕೆ ಮುನ್ನ ಮಾಗಡಿಯ ಕೆರೆಯಿದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಕೆರೆ. ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ; ಬೂದು ಮೈ; ತೂಕ ಎರಡು ಮೂರು ಕಿಲೋ ಇದ್ದೀತು. ಇವು ಮರಿಮಾಡುವುದು ಮಂಗೋಲಿಯಾ, ಟಿಬೆಟ್ಟು, ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ. ಹಿಮಾಲಯವನ್ನು ದಾಟುವಾಗ ಏಳು ಸಾವಿರ ಮೀಟರಿಗೂ ಮೇಲೆ ಇವು ಹಾರಿದ್ದನ್ನು ವಿಜ್ಞಾನಿಗಳು ಅಳೆದು ಕಂಡಿದ್ದಾರೆ. ತಾನು ಹೋಗಬೇಕೆಂದಿರುವ ಕಡೆಯಿಂದಲೇ ಬಂದು, ನೀರಿನ ಮೇಲೆ ನಿಶ್ಚಿಂತೆಯಿಂದ ತೇಲುತ್ತಿದ್ದ ಆ ನೂರಾರು ಪಯಣಿಗರನ್ನು ನೋಡುತ್ತ ತರುಣ ಬಹಳ ಹೊತ್ತು ನಿಂತನು. ಬಿಸಿಲೇರಿದಾಗ ಮೇಲಂಗಿಯನ್ನು ಕಳಚಿಡಲು ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಕೈಯಿಡಲೂ ಎಡೆಯಿರಲಿಲ್ಲ. ಮೇಲಂಗಿಯನ್ನು ಹಗ್ಗದಿಂದ ಮೇಲೆಯೇ ಬಿಗಿಯಬೇಕಾಯಿತು.

ಪುಲಿಗೆರೆಯಿಂದ ಶಿರಹಟ್ಟಿಗೆ

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ‘ಕವಿರಾಜಮಾರ್ಗ’ ಹೆಸರಿಸಿದ ನಾಲ್ಕು ಊರುಗಳಲ್ಲಿ ಇದೂ ಒಂದು. ಆದಿಕವಿ ಪಂಪನು ತನ್ನ ಕಾವ್ಯದ ಭಾಷೆಯನ್ನು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಕರೆದುಕೊಂಡನು. ಸೋಮೇಶ್ವರ ದೇವಾಲಯದ ಕಥೆಯೂ ದೂರಪಯಣದ ಕಥೆಯೇ. ಸೌರಾಷ್ಟ್ರದ ವರ್ತಕ ಆದಯ್ಯ ಈ ಊರಿಗೆ ಬಂದು ನೆಲಸಿ, ಮತ್ತೆ ಅಷ್ಟು ದೂರ ಹೋಗಿ ಸೋಮನಾಥನನ್ನೇ ಇಲ್ಲಿಗೆ ಕರೆತಂದನೆಂದು ಭಕ್ತರು ನಂಬುತ್ತಾರೆ. ರಾಘವಾಂಕನ ‘ಸೋಮನಾಥ ಚಾರಿತ್ರ’ದ ವಸ್ತು ಅದೇ. ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಆ ಮೂರ್ತಿಯ ಮುಂದೆ ಕೈಮುಗಿದು ಹೊರಬಂದ ತರುಣ ಬಂಡಿಯನ್ನು ತಿರುಗಿಸಿ ನಿಲ್ಲಿಸಲು ಹೋದಾಗ, ಬೀದಿಯ ಸಣ್ಣ ಇಳಿಜಾರಿನಲ್ಲಿ ಅದನ್ನು ಹಿಂದಕ್ಕೆ ತಳ್ಳಲು ಅವನೊಬ್ಬನಿಂದ ಆಗಲಿಲ್ಲ. ಬೀದಿಯ ಇಬ್ಬರು ಹುಡುಗರು ಕೈಗೂಡಿಸಿದರು. ಲೇಹ್ ದಾರಿಯ ಕಣಿವೆಗಳಲ್ಲಿ ಆ ಹುಡುಗರು ಎಲ್ಲಿಂದ ಬರಬೇಕು?

ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದಿಂದ ಶಿರಹಟ್ಟಿ ನಾಡಿನಲ್ಲೆಲ್ಲ ಹೆಸರಾಗಿದೆ. ಆ ಊರಿನಲ್ಲಿ ತರುಣನಿಗೆ ಒಂದು ಗಂಟೆಯ ಪಾಠವಾಯಿತು. ಗುರು, ಪಂಕ್ಚರು ತಿದ್ದುವ ಅಂಗಡಿಯ ಹಿರಿಯ. ಅವನ ಬಂಡಿಯದು ಕಡ್ಡಿಗಳ ಗಾಲಿ, ಒಳಗೆ ಟ್ಯೂಬು. ಟ್ಯೂಬಿಲ್ಲದ ಟಾಯರಾದರೆ ಮೊಳೆ ಚುಚ್ಚಿದ ತೂತಿಗೆ ಹೊರಗಿನಿಂದಲೇ ಬತ್ತಿ ತುರುಕಿ ಮುಂದೆ ಸಾಗಬಹುದು. ಟ್ಯೂಬಿನದಕ್ಕೆ ಗಾಲಿಯನ್ನೇ ಕಳಚಬೇಕು, ಟಾಯರಿನ ಅಂಚನ್ನು ಸನ್ನೆಯಿಂದ ಎಬ್ಬಿಸಬೇಕು, ಹೊಸ ಟ್ಯೂಬನ್ನು ಸನ್ನೆಯ ತುದಿ ಕಚ್ಚದಂತೆ ಒಳಸೇರಿಸಬೇಕು. ನೋಡಿ ಕಲಿಯುತ್ತೇನೆಂದ ತರುಣನ ಕೈಗೆ ಹಿರಿಯ ಸನ್ನೆಗಳನ್ನೇ ಕೊಟ್ಟುಬಿಟ್ಟನು. ಮೊದಲನೆಯ ಸಲ ಅವನು ಟ್ಯೂಬನ್ನು ಕಚ್ಚಿಸಿ ಹಾಳುಮಾಡಿದನು. ಎರಡನೆಯ ಸಲ ಕೆಲಸ ನೆಟ್ಟಗಾಯಿತು.

ಆದರೆ ಪಾಠ ಅಷ್ಟಕ್ಕೇ ಮುಗಿಯಲಿಲ್ಲ. ಅವನ ಸನ್ನೆ, ಪಂಪು, ಹೆಚ್ಚಿನ ಟ್ಯೂಬುಗಳು ಇದ್ದದ್ದು ಎಡಗಡೆಯ ಪೆಟ್ಟಿಗೆಯ ತಳದಲ್ಲಿ. ಅವನ್ನು ತೆಗೆಯಲು ಗುಡಾರ, ಒಲೆ, ಪಾತ್ರೆಗಳನ್ನೆಲ್ಲ ಅಂಗಡಿಯ ಮುಂದೆ ಹರಡಬೇಕಾಯಿತು. ಮಳೆಯಲ್ಲಿಯೋ ಕತ್ತಲಲ್ಲಿಯೋ ಆಗಿದ್ದರೆ ಅವನ ಪಾಡೇನು? ಭಾರ ಹೇರಿದ ಮೇಲೆ ಹಿಂದಿನ ಟಾಯರಿನಲ್ಲಿ ಕೈಪಿಡಿ ಹೇಳಿದಷ್ಟು ಗಾಳಿಯನ್ನು ಹೆಚ್ಚಿಸಬೇಕಾಗಿತ್ತು, ಅದನ್ನು ಮರೆತಿದ್ದನು. ಹಿಂದಿನ ಸ್ಪ್ರಿಂಗನ್ನೂ ಬಿಗಿಗೊಳಿಸಿರಲಿಲ್ಲ. ಭಾರಕ್ಕೆ ಹಿಂಭಾಗ ಕುಸಿದಂತೆ ಚೈನಿನ ಸಡಿಲ ಕಡಮೆಯಾಗಿತ್ತು. ಖಾಲಿ ಬಂಡಿಗೆ ಸರಿಯಾದ ಅಳತೆ ಹೇರಿದ ಬಂಡಿಗೆ ಸರಿಯಿರಬೇಕೆಂದಿಲ್ಲ.

ಗುಡ್ಡದ ಗಾಳಿ

ಶಿರಹಟ್ಟಿಗೂ ಮುಂಡರಗಿಗೂ ನಡುವೆ ಕಪ್ಪತಗುಡ್ಡದ ಸಾಲು ಚಾಚಿಕೊಂಡಿದೆ. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಇಲ್ಲಿನ ಗಾಳಿಯ ಬಲಕ್ಕೆ ಸಾಕ್ಷಿಯಾಗಿ ಗಾಳಿಯಂತ್ರಗಳು ನಿಂತಿವೆ. ಬಯಲಿನ ನೇರ ದಾರಿಯಲ್ಲಿ ಮೌನವಾಗಿದ್ದ 64 ಕಿಲೋ ಇಲ್ಲಿ ಮಾತನಾಡತೊಡಗಿತು. ಮಗ್ಗುಲಿನಿಂದ ಬೀಸಿದ ಗಾಳಿ ಎತ್ತರದ ಪೆಟ್ಟಿಗೆಗೆ ಹಾಯಿಗೆ ಬಡಿದಂತೆ ಬಡಿಯಿತು. ಮುಂಗಾಲಿ ನೆಲದ ಮೇಲೆ ಗಟ್ಟಿಯಾಗಿ ಊರಿದಂತೆ ತೋರಲಿಲ್ಲ. ಹಿಡಿಕೆ ಕೈಯಲ್ಲಿ ಹಗುರವಾಗಿ ತುಯ್ದಾಡಿತು. ವೇಗವನ್ನು ತಗ್ಗಿಸಿದರೂ ಅಂಜಿಕೆ ತಗ್ಗಲಿಲ್ಲ.

ಆಗಲೇ ಎದುರಿನಿಂದ ಹತ್ತಿ ಹೇರಿದ ಟ್ರ್ಯಾಕ್ಟರು ಬಂತು. ಹತ್ತಿಯ ಹೇರು ರಸ್ತೆಯ ಮುಕ್ಕಾಲು ಪಾಲನ್ನು ಆಕ್ರಮಿಸಿತ್ತು. ತರುಣ ಅಂಚಿಗೆ ಸರಿದನು. ಬಿರಿದು ಒಣಗಿದ ಎರೆಮಣ್ಣಿನ ಅಂಚು ಹಿಂಗಾಲಿಯ ಕೆಳಗೆ ಕುಸಿಯಿತು. ನಿಂತಂತೆಯೇ ನಿಂತು, ಬಂಡಿ ಎಡಕ್ಕೆ ವಾಲಿತು. ಒಂದು ಹಂತದವರೆಗೆ ಅವನ ಕಾಲು ತಡೆದೀತೆಂದು ತೋರಿತು; ಆ ಹಂತ ದಾಟಿದ ಮೇಲೆ ಇನ್ನೂರು ಕಿಲೋವಿನ ಯಂತ್ರ, ಅರವತ್ತನಾಲ್ಕು ಕಿಲೋವಿನ ಸಾಮಾನು ಎರಡೂ ಕೂಡಿ ಅವನನ್ನು ಕೆಡವಿದವು. ಎಡಗಾಲು ಬಂಡಿಯ ಕೆಳಗೆ. ಆದರೆ ಅದು ಜಜ್ಜಲಿಲ್ಲ. ಉಕ್ಕಿನ ಕೊಳವೆಯ ಕಟ್ಟು ನೆಲಕ್ಕೆ ಊರಿ, ಎಂಜಿನಿಗೂ ನೆಲಕ್ಕೂ ನಡುವೆ ಒಂದು ಗೇಣಿನಷ್ಟು ಎಡೆ ಬಿಟ್ಟಿತ್ತು. ಅವನ ಕಾಲು ಆ ಎಡೆಯಲ್ಲಿ ಉಳಿಯಿತು. ತಲೆ ಅಂಚಿನ ಕಲ್ಲಿಗೆ ತಗಲಿದರೂ ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟು ತನ್ನ ಕೆಲಸ ಮಾಡಿತು.

ಕಾಲನ್ನು ಎಳೆದುಕೊಂಡು ಎದ್ದವನು ಬಂಡಿಯನ್ನು ಎತ್ತಲು ಮೂರು ಸಲ ಯತ್ನಿಸಿ ಸೋತನು. ಟ್ರ್ಯಾಕ್ಟರಿನವನು ಇಳಿದು ಬಂದನು. ಪಕ್ಕದ ಹೊಲದಲ್ಲಿ ಚಕ್ಕಡಿಗೆ ಮೇವು ಹೇರುತ್ತಿದ್ದ ಮುದುಕನೂ ಬಂದನು. ಮೂವರೂ ಸೇರಿ ಎತ್ತಿ ನಿಲ್ಲಿಸಿದರು. ಮುದುಕ ಬಂಡಿಯ ಸುತ್ತ ಒಮ್ಮೆ ತಿರುಗಿ ನೋಡಿ ನಕ್ಕನು.

“ಯಾಕ ತಮ್ಮಾ, ಹೇರೆಲ್ಲಾ ಬಾಲಕ್ಕ ಕಟ್ಟೀಯಲ್ಲಾ! ಚಕ್ಕಡಿ ಹಿಂಭಾರ ಆತಂದ್ರ ನೊಗ ಮ್ಯಾಲೇಳತೈತಿ, ಎತ್ತಿನ ಕುತ್ತಿಗಿ ಬಿಗೀತೈತಿ. ಮುಂಭಾರ ಆತಂದ್ರ ಎತ್ತು ಕುಸೀತಾವು. ಹೇರು ಅಚ್ಚಿನ ಮ್ಯಾಲೆ ಇರಬೇಕು.”

“ಹೌದು ಕಾಕಾ, ನಂಗ ಗೊತ್ತಾಗಲಿಲ್ಲ” ಎಂದನು ತರುಣ.

ಒಂದು ತಿಂಗಳು ಅವನು ಓದಿ ನೋಡಿ ಕಲಿತದ್ದರಲ್ಲಿ ಇಷ್ಟು ಸ್ಪಷ್ಟವಾದ ಮಾತು ಬೇರೊಂದಿರಲಿಲ್ಲ. ಹಿಂಗಾಲಿಯ ಅಚ್ಚಿಗೂ ಹಿಂದೆ, ಎತ್ತರದಲ್ಲಿ ಕಟ್ಟಿದ ಭಾರ ಸನ್ನೆಯಂತೆ ಕೆಲಸ ಮಾಡಿ ಮುಂಗಾಲಿಯನ್ನು ಮೇಲೆತ್ತುತ್ತದೆ. ಮುಂಗಾಲಿ ಹಗುರವಾದರೆ ತಿರುಗಿಸುವುದೂ ತಡೆಯುವುದೂ ಕೈಮೀರುತ್ತವೆ. ಭಾರವಾದ ಹತ್ಯಾರ ತಗ್ಗಿನಲ್ಲಿ, ಅಚ್ಚಿನ ಮುಂದಕ್ಕೆ, ಸವಾರನ ಸಮೀಪಕ್ಕೆ ಇರಬೇಕು. ಹಗುರವಾದ ಬಟ್ಟೆ ಹಾಸಿಗೆ ಹಿಂದಕ್ಕೆ. ಎಡಬಲದ ತೂಕ ಸಮನಾಗಿರಬೇಕು. ಮುದುಕನ ಚಕ್ಕಡಿಯ ನೆರಳಿನಲ್ಲೇ ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಬಿದ್ದಾಗ ಕ್ಲಚ್ಚಿನ ಹಿಡಿ ಮುರಿದಿತ್ತು. ಜೊತೆಗೆ ತಂದಿದ್ದ ಹೊಸದನ್ನು ಹಾಕಲು ಹತ್ತು ನಿಮಿಷ ಸಾಕಾಯಿತು. ನೂರೈವತ್ತು ಗ್ರಾಮು ತೂಗದ ಆ ಹಿಡಿ ಇಲ್ಲದಿದ್ದರೆ 64 ಕಿಲೋ ಸಾಮಾನು ಅಲ್ಲೇ ಉಳಿಯುತ್ತಿತ್ತು!

ಮರಳುವ ದಾರಿ

1858ರಲ್ಲಿ ಆಂಗ್ಲರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು ಮುಂಡರಗಿ. ಅಲ್ಲಿ ಚಹ ಕುಡಿಯುತ್ತ ಕುಳಿತ ತರುಣ ತನ್ನ ಚೀಟಿಯಲ್ಲಿ ಎರಡು ಪಟ್ಟಿ ಬರೆದನು: ಇಂದು ಮುಟ್ಟಿದ್ದು, ಮುಟ್ಟದಿದ್ದುದು. ಎರಡನೆಯದೇ ಉದ್ದವಾಯಿತು. ಪೆಟ್ರೋಲಿನ ಕ್ಯಾನುಗಳನ್ನೇ ನೋಡಿ. ಲೀಟರಿಗೆ 25 ಕಿಲೋಮೀಟರೆಂದು ಹಿಡಿದರೂ ತುಂಬಿದ ಟಾಕಿ ನಾನೂರು ಕಿಲೋಮೀಟರು ದಾಟಿಸುತ್ತದೆ. ಮನಾಲಿ–ಲೇಹ್ ಮಾರ್ಗದ ಟಾಂಡಿಯಲ್ಲಿ, ಮುಂದಿನ ಪೆಟ್ರೋಲು 365 ಕಿಲೋಮೀಟರಿನಾಚೆಗೆಂದು ಹೇಳುತ್ತಿದ್ದ ಫಲಕ ಪಯಣಿಗರಲ್ಲಿ ಪ್ರಸಿದ್ಧವಾಗಿತ್ತು. ಏರುದಾರಿಯಲ್ಲಿ ಖರ್ಚು ಹೆಚ್ಚೆಂದು ಅಲ್ಲಿಗೆ ಒಂದು ಕ್ಯಾನು ಬೇಕಾದೀತು. ಆದರೆ ಅದನ್ನು ಬೆಟಗೇರಿಯಿಂದಲೇ ತುಂಬಿ ಹೊರುವುದೇಕೆ? ಮಡಚುವ ಕುರ್ಚಿಯ ಹೆಸರನ್ನು ಬರೆಯುವಾಗ ಅವನಿಗೇ ನಾಚಿಕೆಯಾಯಿತು.

ದಂಬಳದಲ್ಲಿ ನಕ್ಷತ್ರದಾಕಾರದ ದೊಡ್ಡಬಸಪ್ಪನ ಗುಡಿಯ ಕೋನಕೋನಗಳಲ್ಲಿ ಇಳಿಬಿಸಿಲು ಒಡೆದು ಬೀಳುತ್ತಿದ್ದಾಗ ಅವನು ಅಲ್ಲಿ ಐದು ನಿಮಿಷ ನಿಂತನು. ಅವನ ಮನಸ್ಸು ಮಾತ್ರ ಬೇರೊಂದು ಲೆಕ್ಕದಲ್ಲಿತ್ತು. ಬಿದ್ದುದನ್ನು ತಾಯಿಗೆ ಹೇಳಬೇಕೆ? ಗಾಯವಾಗಿಲ್ಲ, ಹಿಡಿಯನ್ನು ಬದಲಾಯಿಸಿಯಾಗಿದೆ, ಉಕ್ಕಿನ ಕಟ್ಟಿನ ಮೇಲಿನ ಗೀರಿಗೆ ಸ್ವಲ್ಪ ಕರಿಯ ಬಣ್ಣ ಬಳಿದರೆ ಯಾರಿಗೂ ತಿಳಿಯದು. ಹೇಳಿದರೆ ಹಿಮಾಲಯ ಇಲ್ಲಿಗೇ ಮುಗಿದರೂ ಮುಗಿಯಬಹುದು. ಹೇಳದೆ ಹೋದರೆ ಆ ಪಯಣಕ್ಕೆ ಮನೆಯ ಒಪ್ಪಿಗೆಯೆಂಬ ಮಾತಿಗೆ ಅರ್ಥವೇನು?

ದೀಪ ಹಚ್ಚುವ ಹೊತ್ತಿಗೆ ಬೆಟಗೇರಿ ಮುಟ್ಟಿದನು. ತಾಯಿ ಕೇಳುವ ಮೊದಲೇ ಎಲ್ಲವನ್ನೂ ಹೇಳಿದನು. ಆಕೆ ಬಂಡಿಯ ಬಳಿಗೆ ಬಂದು ಬಗ್ಗಿ, ಗೀರಿನ ಮೇಲೆ ಬೆರಳಾಡಿಸಿದಳು.

“ಕಾಲು ಇದರ ಕೆಳಗ ಇತ್ತೇನು?”

“ಹೂಂ ಅವ್ವಾ. ಈ ಕಟ್ಟು ಇರಲಿಲ್ಲಂದ್ರ ಮುರೀತಿತ್ತು.”

ಆಕೆ ಮತ್ತೆ ಮಾತನಾಡಲಿಲ್ಲ. ಆ ರಾತ್ರಿ ಮಗನೂ ಹಿಮಾಲಯದ ಮಾತೆತ್ತಲಿಲ್ಲ.

ಮುಂದಿನ ಭಾನುವಾರ ಅಂಗಳದಲ್ಲಿ ತಕ್ಕಡಿ ಮತ್ತೆ ಕೆಳಗಿಳಿಯಿತು. ಅಲ್ಯೂಮಿನಿಯಮ್ಮಿನ ಪೆಟ್ಟಿಗೆಗಳು ಅರ್ಧ ಬೆಲೆಗೆ ಬೇರೊಬ್ಬರ ಪಾಲಾದವು. ಅವುಗಳ ಸ್ಥಾನದಲ್ಲಿ ನೀರು ಹೊಗದ ಎರಡು ಮೆತ್ತನೆಯ ಚೀಲಗಳು ತಗ್ಗಿಗೆ ಬಂದು ಕುಳಿತವು. ಎತ್ತರದ ಪೆಟ್ಟಿಗೆ, ಹೆಚ್ಚಿನ ದೀಪ, ಒಲೆ, ಪಾತ್ರೆ, ಕುರ್ಚಿ ಎಲ್ಲ ಹೋದವು. ಉಕ್ಕಿನ ಕಟ್ಟು ಉಳಿಯಿತು. ಎರಡು ಟ್ಯೂಬು, ಸನ್ನೆ, ಪಂಪು, ಕ್ಲಚ್ಚು ಬ್ರೇಕುಗಳ ಹಿಡಿ, ಒಂದು ಕ್ಲಚ್ಚಿನ ತಂತಿ, ಫ್ಯೂಸು, ಚೈನಿನ ಎಣ್ಣೆ, ಮಳೆಯಂಗಿ, ಬೆಚ್ಚನೆಯ ಬಟ್ಟೆ, ಔಷಧಿ ಉಳಿದವು. ಚೀಲವೂ ಸೇರಿ ಒಟ್ಟು 27 ಕಿಲೋ. ತಂದೆಯ ಹತ್ಯಾರದ ಬಟ್ಟೆಯ ಸುರುಳಿಯನ್ನು ಮಗ ಹಳೆಯ ಟ್ರಂಕಿನಿಂದ ತೆಗೆದು ಕೊಡವಿದನು. ಹೊಸ ಪಾನಾಗಳು ಅದರ ಹಳೆಯ ಮನೆಗಳಲ್ಲಿ ಸರಿಯಾಗಿ ಕುಳಿತವು.

ತಾಯಿ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ತಕ್ಕಡಿ ಕಟ್ಟಿಟ್ಟ ಮೇಲೆ ಎದ್ದು ಒಳಗೆ ಹೋಗುವವಳು ತಿರುಗಿ ನಿಂತಳು.

“ಖಡಕ್ ರೊಟ್ಟಿ ತಿಂಗಳ ತನಕ ಕೆಡಂಗಿಲ್ಲ, ಭಾರನೂ ಆಗಂಗಿಲ್ಲ. ಶೇಂಗಾದ ಚಟ್ನಿಪುಡಿ ಕಟ್ಟಿಕೊಡ್ತೀನಿ. ದಿನಕ್ಕ ಎರಡು ರೊಟ್ಟಿ ಲೆಕ್ಕ ಹಿಡೀಲ್ಯೋ, ಮೂರು ಹಿಡೀಲ್ಯೋ?”

ಜೂನ್ ತಿಂಗಳು ಇನ್ನೂ ಬಲು ದೂರವಿತ್ತು. ಮಗ ಸ್ವಲ್ಪ ಹೊತ್ತು ತಲೆಯೆತ್ತದೆ ಸುರುಳಿಯ ದಾರವನ್ನು ಬಿಗಿದು, ಮೂರು ಹಿಡಿಯೆಂದನು.